ವೆಂಡೆಲ್‌ನ ಮನೆ ಮುಂದಿನ ಹಿಮದ ಗೋಡೆ

ಕಾಗದದ ಗಿರಣಿ ಮುಚ್ಚಿದ ವರ್ಷ ಅಮೆರಿಕದ ಮೇನ್ ರಾಜ್ಯದ ನಮ್ಮ ಊರಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಗೂ ನಿರುದ್ಯೋಗ ಭತ್ಯೆ ಬರುತ್ತಿತ್ತು. ಭಾನುವಾರ ಬಂತೆಂದರೆ ಸರ್ಕಾರಿ ಕಚೇರಿಗೆ ಫೋನ್ ಮಾಡಿ, ಈ ವಾರ ಕೆಲಸ ಮಾಡಿದಿರಾ, ಎಷ್ಟು ದುಡಿದಿರಿ ಎಂಬ ಪ್ರಶ್ನೆಗೆ ಗುಂಡಿ ಒತ್ತಿ ಉತ್ತರಿಸಬೇಕು. ಎಲ್ಡನ್ ಪೆಲ್ಕಿಗೆ ಅದು ಭಿಕ್ಷೆ ಬೇಡಿದ ಹಾಗೆ ಅನ್ನಿಸುತ್ತಿತ್ತು. ಮೀಸೆ ಬಂದಾಗಿನಿಂದ ಗಿರಣಿಯಲ್ಲೇ ದುಡಿದವನು. ಮಾತು ಕಡಿಮೆ, ಹಟ ಜಾಸ್ತಿ.

ಡಿಸೆಂಬರಿನಲ್ಲಿ ಗುತ್ತಿಗೆದಾರ ಡಾಯ್ಲ್ ಅವನನ್ನು ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಲು ಕರೆದ. ಸಂಬಳ ತಿಂಗಳು ಕಳೆದ ಮೇಲೆ. ಆ ಭಾನುವಾರ ಎಲ್ಡನ್ 'ಕೆಲಸ ಮಾಡಿಲ್ಲ' ಎಂದು ಗುಂಡಿ ಒತ್ತಿದ.

"ಮಾಡಿಲ್ವಾ? ಹಾಗಾದ್ರೆ ವಾರವೆಲ್ಲ ಲಾರಿ ಓಡ್ಸಿದ್ದು ನಿನ್ನ ದೆವ್ವಾನಾ?" ಎಂದಳು ಹೆಂಡತಿ ಕ್ಲೋಡೆಟ್.

"ದುಡ್ಡು ಇನ್ನೂ ಕೈಗೆ ಬಂದಿಲ್ವಲ್ಲೇ. ಬಂದ್ಮೇಲೆ ಹೇಳಿದ್ರಾಯ್ತು."

"ಅವ್ರು ಕೇಳೋದು ದುಡಿದದ್ದನ್ನ ಕಣೋ, ಕೈಗೆ ಬಂದದ್ದನ್ನಲ್ಲ."

ಸಂಬಳ ಬಂದಾಗಲೂ ಅವನು ಹೇಳಲಿಲ್ಲ. ಈಗ ಹೇಳಿದರೆ ಹಿಂದಿನ ವಾರಗಳ ಸುಳ್ಳು ಹೊರಗೆ ಬರುತ್ತದಲ್ಲ! ಒಂದು ಸುಳ್ಳನ್ನು ಮುಚ್ಚಲು ಪ್ರತಿ ಭಾನುವಾರ ಇನ್ನೊಂದು ಬೇಕಾಯಿತು.

ಜನವರಿಯಲ್ಲಿ ಗಿರಣಿಯ ಹಳೆಯ ಕೆಲಸಗಾರರಲ್ಲಿ ಒಬ್ಬನ ಭತ್ಯೆ ನಿಂತಿತು. ಮರುವಾರ ಇನ್ನೊಬ್ಬನದು. ಇಬ್ಬರೂ ಕಚೇರಿಗೆ ತಿಳಿಸದೆ ಕೂಲಿ ಮಾಡುತ್ತಿದ್ದವರು. ಯಾರೋ ಚಾಡಿ ಹೇಳುತ್ತಿದ್ದಾರೆ ಎಂಬ ಗುಸುಗುಸು ಊರೆಲ್ಲ ಹರಿದಾಡಿತು. ಬೊಟ್ಟು ತಿರುಗಿದ್ದು ವೆಂಡೆಲ್ ಕಡೆಗೆ. ಗಿರಣಿಯಲ್ಲಿ ಹಾಜರಿ ಬರೆಯುತ್ತಿದ್ದವನು, ರಸ್ತೆಯ ತುದಿಯಲ್ಲಿ ಒಂಟಿ ವಾಸ, ಮಂಡಿನೋವಿನಿಂದ ದಿನವಿಡೀ ಕಿಟಕಿಯ ಬಳಿ ಕೂತಿರುತ್ತಿದ್ದ. ಸಂಶಯಕ್ಕೆ ಅಷ್ಟು ಸಾಕಿತ್ತು.

ಒಂದು ಬೆಳಿಗ್ಗೆ ಕಾಫಿ ಅಂಗಡಿಗೆ ಕುಂಟುತ್ತಾ ಬಂದ ಅವನೇ ಎಲ್ಡನ್‌ನ ಬೆನ್ನು ತಟ್ಟಿ, "ಡಾಯ್ಲ್ ಹತ್ರ ಕೆಲಸ ಸಿಕ್ತಂತಲ್ಲೋ, ಒಳ್ಳೇದಾಯ್ತು ಬಿಡು!" ಎಂದ. ಅಂಗಡಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಎಲ್ಡನ್ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರನಡೆದ.

ಮುಂದಿನ ಹಿಮಗಾಳಿಯಲ್ಲಿ, ವೆಂಡೆಲ್‌ನ ಮನೆಯ ದಾರಿ ರಸ್ತೆಗೆ ಸೇರುವ ಕಡೆ ಬಂದಾಗ, ಎಲ್ಡನ್ ಲಾರಿಯ ಮುಂದಿನ, ಹಿಮ ತಳ್ಳುವ ಅಲಗನ್ನು ಬೇಕೆಂದೇ ಓರೆ ಮಾಡಿದ. ರಸ್ತೆಯ ಹಿಮವೆಲ್ಲ ಅಲ್ಲಿ ಗೋಡೆಯಾಗಿ ಬಿತ್ತು. ಅದರ ಮೇಲೆ ಇನ್ನೊಮ್ಮೆ ಹಿಮ ಸುರಿಯಿತು. ಮತ್ತೆ ಹಾಗೇ ಮಾಡಿದ. ನಾವೆಲ್ಲ ನೋಡಿದೆವು. ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಕಚೇರಿಯಿಂದ ಎಲ್ಡನ್‌ಗೆ ಫೋನ್ ಬಂತು. ಹೆಣ್ಣುದನಿ, ತಣ್ಣಗಿತ್ತು. "ಕೆಲಸ ಮಾಡಿಲ್ಲ ಅಂತ ಹೇಳಿದ್ದೀರಿ ಸರ್. ನಿಮ್ಮ ಮಾಲೀಕರು ಸಂಬಳ ಕೊಟ್ಟಿದ್ದೀವಿ ಅಂತಾರೆ. ಎರಡೂ ಹೊಂದುತ್ತಾ ಇಲ್ಲ."

"ನಿಮಗೆ ಹೇಳಿದ್ದು ಯಾರು? ವೆಂಡೆಲ್ ತಾನೆ?"

"ಯಾವ ವೆಂಡೆಲ್? ಯಾರೂ ಹೇಳಬೇಕಾಗಿಲ್ಲ ಸರ್. ಸಂಬಳ ಕೊಟ್ಟ ಲೆಕ್ಕ ಎಲ್ಲ ಮಾಲೀಕರೂ ಕಳಿಸಲೇಬೇಕು. ಅದನ್ನ ನಿಮ್ಮ ಉತ್ತರದ ಜೊತೆ ಹೋಲಿಸಿ ನೋಡ್ತೀವಿ, ಅಷ್ಟೇ."

ಎಲ್ಡನ್ ಸಲಿಕೆ ಹಿಡಿದು ವೆಂಡೆಲ್‌ನ ಮನೆಗೆ ಓಡಿದ. ಕಲ್ಲಿನಂತೆ ಗಟ್ಟಿಯಾಗಿದ್ದ ಗೋಡೆಯನ್ನು ಕಡಿದು ಒಳಹೊಕ್ಕರೆ ಚಿಮಣಿಯಲ್ಲಿ ಹೊಗೆಯಿಲ್ಲ. ವೆಂಡೆಲ್ ಕೋಟು ಹೊದ್ದು, ಕಂಬಳಿ ಸುತ್ತಿಕೊಂಡು ಕಿಟಕಿಯ ಬಳಿಯೇ ಕೂತಿದ್ದ. ಕಾಲ್ಬೆರಳುಗಳು ಚಳಿಗೆ ಮರಗಟ್ಟಿ ಕಪ್ಪಾಗಿದ್ದವು.

"ಮನೆ ಕಾಯ್ಸೋ ಎಣ್ಣೆಯ ಗಾಡಿ ಬಂದಿತ್ತು," ಎಂದ, ನಾಲಿಗೆ ತೊದಲುತ್ತಾ. "ಗೋಡೆ ನೋಡಿ ವಾಪಸ್ ಹೋಯ್ತು."

"ಫೋನ್ ಮಾಡ್ಬಾರ್ದಿತ್ತಾ ಮಾರಾಯ?"

"ಯಾರಿಗೆ ಮಾಡ್ಲಿ? ನೀನೇ ಕಟ್ತಾ ಇದ್ದದ್ದು ನೋಡ್ದೆ. ಯಾಕೆ ಅಂತ ಮಾತ್ರ ತಿಳೀಲಿಲ್ಲ."

ಎಲ್ಡನ್ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಒಯ್ದ. ದಾರಿಯಲ್ಲಿ ಎಲ್ಲವನ್ನೂ ಹೇಳಿದ. ವೈದ್ಯರು ವೆಂಡೆಲ್‌ನ ಎರಡು ಕಾಲ್ಬೆರಳು ಕತ್ತರಿಸಿದರು. ವಸಂತಕ್ಕೆ ಮುಂಚೆಯೇ ಅವನು ತಂಗಿಯ ಊರಿಗೆ ಹೊರಟುಹೋದ.

ಎಲ್ಡನ್ ಕಚೇರಿಯ ಮುಂದೆ ತಪ್ಪೊಪ್ಪಿಕೊಂಡ. ಪಡೆದ ಭತ್ಯೆಯನ್ನು ದಂಡ ಸಮೇತ ಕಂತಿನಲ್ಲಿ ತೀರಿಸತೊಡಗಿದ. ಆಮೇಲೆ ಸಿಕ್ಕಸಿಕ್ಕವರಿಗೆಲ್ಲ, "ಚಾಡಿ ಹೇಳಿದೋರು ಯಾರೂ ಇಲ್ಲ ಕಣ್ರಪ್ಪಾ. ಆಫೀಸಿನವರೇ ನಂಗೆ ಹೇಳಿದ್ರು," ಎಂದು ವಿವರಿಸಿದ.

ಜನ ಹಿಡಿದುಕೊಂಡದ್ದು ಕೊನೆಯ ಮಾತನ್ನು ಮಾತ್ರ. ಆಫೀಸಿನವರ ಜೊತೆ ಇವನಿಗೇನು ಮಾತು? ಆ ವಾರವೇ ಇನ್ನೂ ಒಬ್ಬನ ಭತ್ಯೆ ನಿಂತಿತು. ಮರುದಿನ ಬೆಳಿಗ್ಗೆ ಕ್ಲೋಡೆಟ್ ಬಾಗಿಲು ತೆರೆದಾಗ ಅವರ ಕಾರಿನ ನಾಲ್ಕೂ ಟೈರುಗಳನ್ನು ಯಾರೋ ಸೀಳಿದ್ದರು.