ಒಲೆ ಆರಿತ್ತು

ಒಂದೇ ಒಂದು ಪದ ಹೇಳಬೇಕಿತ್ತು. ಹೇಳಲಿಲ್ಲ. ೧೯೯೯ರಲ್ಲಿ ನಾನು ನಮ್ಮ ಕನ್ನಡ ಸಂಘದ ಅಡುಗೆಯವನಾಗಿದ್ದೆ. ಅಮೆರಿಕದ ವಾಲ್ನಟ್ ಕ್ರೀಕ್ ಊರಿನ ಬಾಡಿಗೆ ಸಭಾಂಗಣದಲ್ಲಿ ಯುಗಾದಿ ಊಟ, ಅದಕ್ಕೆ ಮುಂಚೆ ಸಂಘದ ವಾರ್ಷಿಕ ಸಭೆ. ನಾನು ಸುಮ್ಮನಿದ್ದದ್ದರಿಂದ ನಮ್ಮ ಹೆಂಗಸರಿಗೆ ಮತದ ಹಕ್ಕು ಸಿಗುವುದು ಒಂದು ವರ್ಷ ತಡವಾಯಿತು. ಅದಕ್ಕಿಂತ ದೊಡ್ಡ ತಪ್ಪೆಂದರೆ, ನನ್ನ ಅಕ್ಕ ತುಂಬಿದ ಸಭೆಯಲ್ಲಿ ಒಂಟಿಯಾಗಿ ನಿಲ್ಲುವಂತೆ ಮಾಡಿದ್ದು.

ಅಕ್ಕ ನಾಗರತ್ನ ಮಂಡ್ಯ ಕಡೆಯ ನಮ್ಮ ಊರಿನಲ್ಲಿ ವಿಜ್ಞಾನ ಓದಿದ ಮೊದಲ ಹುಡುಗಿ. ಅವಳ ಕಾಲೇಜಿನಲ್ಲಿ ಸಂಜೆಯಾದ ಮೇಲೆ ಹುಡುಗಿಯರು ಲ್ಯಾಬಿನಲ್ಲಿ ಇರಕೂಡದು ಎಂಬ ನಿಯಮವಿತ್ತು. ‘ಬೂಷ್ಟಿಗೆ ಗಡಿಯಾರ ನೋಡೋಕೆ ಬರಲ್ಲ ಸಾರ್, ಅದು ಬೆಳೆದಾಗ ನಾನು ನೋಡ್ಬೇಕು’ ಎಂದು ವಾದಿಸಿ ಬೀಗದ ಕೈ ಇಸಿದುಕೊಂಡಳಂತೆ. ಮುಂದೆ ಬರ್ಕ್ಲಿಯಲ್ಲಿ ಗಿಡಗಳ ಬೇರು ಕೊಳೆಸುವ ಶಿಲೀಂಧ್ರಗಳ ಸಂಶೋಧಕಿಯಾದಳು. ಮದುವೆಯಾಗಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಫೇಲಾಗಿ ಮೈಸೂರಿನ ಹೋಟೆಲಿನಲ್ಲಿ ಅಡುಗೆ ಕಲಿತವನು. ನನ್ನನ್ನೂ ನನ್ನ ಹೆಂಡತಿ ಮಂಗಳಾಳನ್ನೂ ಅಮೆರಿಕಕ್ಕೆ ಕರೆಸಿಕೊಂಡವಳು ಅವಳೇ. ನಾವು ಬರ್ಕ್ಲಿ ಕಡೆಯ ಡಬ್ಲಿನ್ ಎಂಬ ಊರಿನಲ್ಲಿ ಮನೆ ಮಾಡಿ ಕೇಟರಿಂಗ್ ಶುರು ಮಾಡಿದೆವು. ಎಷ್ಟು ದೊಡ್ಡ ಪಾತ್ರೆಯಾದರೂ ಅಳತೆ ತಪ್ಪದೆ ಇಳಿಸುತ್ತಿದ್ದೆ. ಈ ಮಾತನ್ನು ಸಂಕೋಚವಿಲ್ಲದೆ ಹೇಳಬಲ್ಲೆ.

ಸಂಘದಲ್ಲಿ ಕುಟುಂಬಕ್ಕೊಂದು ಮತ. ಅದನ್ನು ಯಜಮಾನರೇ ಹಾಕಬೇಕು. ಒಂಟಿ ಸದಸ್ಯರಿಗೆ ಮತವೇ ಇಲ್ಲ. ಹೀಗಾಗಿ ನನಗೆ ಮತವಿತ್ತು, ಡಾಕ್ಟರೇಟ್ ಪಡೆದ ಅಕ್ಕನಿಗೆ ಇರಲಿಲ್ಲ. ನಿಯಮ ಬದಲಾಗಲಿ ಎಂದು ಯಾವ ಸದಸ್ಯರು ಬೇಕಾದರೂ ಸೂಚನೆ ಮಂಡಿಸಬಹುದಿತ್ತು. ಆದರೆ ಮತವಿರುವ ಒಬ್ಬರು ಎದ್ದು ‘ಅನುಮೋದಿಸುತ್ತೇನೆ’ ಎನ್ನಬೇಕು. ಇಲ್ಲದಿದ್ದರೆ ಚರ್ಚೆಯೂ ಇಲ್ಲ, ಮತದಾನವೂ ಇಲ್ಲ. ಆ ಪದ ಹೇಳಲು ನಾನು ಒಪ್ಪಿದ್ದೆ. ಹಿಂದಿನ ವಾರ ನಮ್ಮ ಮನೆಯಲ್ಲೇ ಅಕ್ಕ ಅಭ್ಯಾಸ ಮಾಡಿಸಿದಳು.

‘ಅನುಮೋದ್ಸ್ತೀನಿ’ ಎಂದೆ.

‘ಹಂಗಲ್ಲ ಕಣೋ ನಂಜ. ಅನುಮೋದಿಸುತ್ತೇನೆ. ಬಿಸಿ ವಡೆ ಬಾಯಲ್ಲಿಟ್ಕೊಂಡಂಗೆ ನುಂಗ್ಬೇಡ.’

ಮಂಗಳಾ ಪಕ್ಕದಿಂದ, ‘ನನ್ ಓಟೂ ನಿಮ್ ಜೇಬಲ್ಲೇ ಐತೆ ಕಣ್ರೀ. ಹಂಗೇ ಪ್ಯಾಂಟ್ ಒಗೆಯೋಕ್ ಹಾಕ್ಬಿಟ್ಟೀರಾ!’ ಎಂದಳು.

ಯುಗಾದಿಯ ದಿನ ಬಿಸಿಬೇಳೆ ಬಾತ್ ಇಳಿಸಿ, ಒಲೆ ಆರಿಸಿ, ಕೈ ಒರೆಸಿಕೊಳ್ಳುತ್ತಿದ್ದೆ. ಸಂಘದ ಅಧ್ಯಕ್ಷರು ಒಬ್ಬ ಯುವ ಎಂಜಿನಿಯರ್ ಜೊತೆ ಅಡುಗೆಮನೆಗೆ ಬಂದರು.

‘ಏನ್ ನಂಜುಂಡಣ್ಣ, ಘಮಘಮ ಅಂತಿದೆ! ಡಾಕ್ಟರ್ ಮೇಡಂ ಏನೋ ರೆಸಲ್ಯೂಷನ್ನು ತರ್ತಾರಂತೆ. ನೀವೂ ಸ್ಪೀಚು ಗೀಚು ಮಾಡ್ತೀರಾ?’

‘ಮಾಡ್ಲಿ ಬಿಡಿ ಸಾರ್. ಅಕ್ಕನ ಮಾತಿಗೆ ಒಗ್ಗರಣೆ ಹಾಕೋಕೆ ತಮ್ಮ ಬೇಕಲ್ಲ!’ ಎಂದ ಆ ಯುವಕ.

ಇಬ್ಬರೂ ನಕ್ಕರು. ನಾನೂ ನಕ್ಕೆ. ಆ ನಗುವಿನಲ್ಲೇ ನನ್ನ ಧೈರ್ಯ ಹೋಯಿತು. ಹೊರಗೆ ಕೂತವರೆಲ್ಲ ಸ್ಟಾಕ್ ಆಪ್ಷನ್ ಮಾತಾಡುವ, ಇಂಗ್ಲಿಷು ನೀರಿನಂತೆ ಹರಿಸುವ ಜನ. ಅವರ ಮುಂದೆ ನಾನು ಏಪ್ರನ್ ತೊಟ್ಟು ನಿಂತು ಆ ಪದವನ್ನು ತೊದಲುವುದು ಕಣ್ಣಿಗೆ ಕಟ್ಟಿತು.

ಅಕ್ಕ ಮೈಕಿನ ಮುಂದೆ ಬಂದಳು. ‘ಗಿಡ ಸಾಯ್ತಿದ್ರೆ ಯಾಕೆ ಅಂತ ನಾನು ಹೇಳ್ತೀನಿ, ಇಲ್ಲಿನ ರೈತರು ನಂಬಿ ತೋಟ ಉಳಿಸ್ಕೋತಾರೆ. ಆದ್ರೆ ಈ ಸಂಘದಲ್ಲಿ ಒಬ್ಬಟ್ಟು ಬೇಕೋ ಪಾಯಸ ಬೇಕೋ ಅನ್ನೋಕೂ ನಂಗೆ ಓಟಿಲ್ಲ’ ಎಂದಳು. ಹೆಂಗಸರ ಸಾಲಿನಲ್ಲಿ ನಗು ಎದ್ದಿತು. ಪ್ರತಿ ಸದಸ್ಯರಿಗೂ ಒಂದು ಮತ ಇರಲಿ ಎಂಬ ಸೂಚನೆ ಓದಿ ಮುಗಿಸಿದಳು.

‘ಅನುಮೋದಿಸೋರು ಯಾರು?’ ಎಂದರು ಅಧ್ಯಕ್ಷರು.

ಅಕ್ಕ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಆ ಬಾಗಿಲ ಹಿಂದೆ ನಾನು ಸೌಟು ಹಿಡಿದು ನಿಂತಿದ್ದೆ.

‘ಯಾರೂ ಇಲ್ವಾ? ಸರಿ, ಮುಂದಿನ ವಿಷಯ.’

ಅವಳು ನೇರವಾಗಿ ಒಳಗೆ ಬಂದಳು. ‘ಏನಾಯ್ತೋ?’

‘ಬಾತು ಒಲೆ ಮೇಲಿತ್ತಕ್ಕ. ತಳ ಹಿಡೀತಿತ್ತು.’

ಅಕ್ಕ ನನ್ನ ಮುಖ ನೋಡಲಿಲ್ಲ. ಒಲೆಯ ಕಬ್ಬಿಣದ ಮೇಲೆ ಅಂಗೈ ಇಟ್ಟಳು. ಅದು ತಣ್ಣಗಿತ್ತು. ಆಮೇಲೆ ಒಂದು ಚಮಚ ಬಾತು ಬಾಯಿಗೆ ಹಾಕಿಕೊಂಡು, ‘ಉಪ್ಪು ಸರಿಯಾಗಿದೆ ಕಣೋ’ ಎಂದು ಹೊರಟುಹೋದಳು. ಆ ವರ್ಷವಿಡೀ ಭಾನುವಾರ ಮನೆಗೆ ಬಂದಳು, ಉಂಡಳು, ನಕ್ಕಳು. ಆ ಮಾತು ಮಾತ್ರ ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನನ್ನ ಕಸುಬು ನನಗೆ ಮೊದಲೇ ಕಲಿಸಿದ್ದನ್ನು ನಾನು ಆ ವರ್ಷ ಅರ್ಥ ಮಾಡಿಕೊಂಡೆ. ಸಾಸಿವೆ ಸಿಡಿಯುವಾಗಲೇ ಒಗ್ಗರಣೆಯನ್ನು ಪಾತ್ರೆಗೆ ಸುರಿಯಬೇಕು. ಆರಲು ಬಿಟ್ಟರೆ ಉಳಿಯುವುದು ಬರೀ ಎಣ್ಣೆ. ಆ ಯುವಕ ಹಾಸ್ಯಕ್ಕೆ ಅಂದದ್ದು ನಿಜವೇ ಆಗಿತ್ತು. ಅಕ್ಕನ ಮಾತಿಗೆ ಒಗ್ಗರಣೆ ಬೇಕಿತ್ತು. ಅದು ನನ್ನದೇ ಕೆಲಸ, ನಾನದನ್ನು ಅವಮಾನವೆಂದುಕೊಂಡಿದ್ದೆ.

ಮರುವರ್ಷದ ಯುಗಾದಿ ಹೊತ್ತಿಗೆ ಡಾಟ್‌ಕಾಮ್ ಷೇರುಗಳು ಬೀಳತೊಡಗಿದ್ದವು. ಆಪ್ಷನ್ನಿನ ಮಾತು ತಗ್ಗಿತ್ತು. ಬೆಳಿಗ್ಗೆ ಅಕ್ಕನನ್ನು ಕೇಳಿದೆ, ‘ಈ ಸಲ ಅನುಮೋದನೆಗೆ ಯಾರಿಗೆ ಹೇಳಿದ್ದೀಯಕ್ಕ?’

‘ಯಾರಿಗೂ ಇಲ್ಲ. ಸೂಚನೆ ಇಡೋದು ನನ್ ಕೆಲಸ, ಇಡ್ತೀನಿ.’

ಅವಳು ನನ್ನನ್ನು ಕೇಳಲಿಲ್ಲ.

ಅಧ್ಯಕ್ಷರು ಮತ್ತೆ ‘ಅನುಮೋದಿಸೋರು?’ ಎಂದಾಗ ನಾನು ಬಾಗಿಲು ತಳ್ಳಿ ಏಪ್ರನ್ನಿನಲ್ಲೇ ಮುಂದಕ್ಕೆ ನಡೆದೆ. ‘ಊಟ ರೆಡಿನಾ ಅಣ್ಣಾ?’ ಎಂದು ಯಾರೋ ಕೂಗಿದರು. ಸಭೆ ನಕ್ಕಿತು. ಈ ಸಲ ನಾನು ನಗಲಿಲ್ಲ. ಅಕ್ಕ ಮೈಕಿನಿಂದ ಅರ್ಧ ಹೆಜ್ಜೆ ಸರಿದು ಜಾಗ ಬಿಟ್ಟಳು.

‘ಊಟ ಸ್ವಲ್ಪ ತಡ ಆಯ್ತದೆ. ಒಗ್ಗರಣೆ ಹಾಕೋಕೆ ಬಂದಿವ್ನಿ. ಅಕ್ಕಾ, ಹೋದ್ ವರ್ಷ ಒಲೆ ಆರಿತ್ತು. ಇವರೆಲ್ಲ ನಗ್ತಾರೆ ಅಂತ ಬಾಗಿಲ ಹಿಂದೆ ಅಡಗಿದ್ದೆ, ನಿನ್ ಮುಂದೆ ಸುಳ್ಳು ಹೇಳ್ದೆ. ತಪ್ಪಾಯ್ತಕ್ಕ, ಕ್ಷಮಿಸು. ಅನುಮೋದ್ಸ್ತೀನಿ.’