ಪಾರ್ವತಕ್ಕನ ಬುಟ್ಟಿ, ನನ್ನ ಮೂಗು

ಹಾರವಾಡದ ಪಾರ್ವತಕ್ಕನ ಬುಟ್ಟಿಯಲ್ಲಿ ಹಳೆಯ ಮೀನು ಇದ್ದ ದಿನವೇ ಇಲ್ಲ. ಎಲ್ಲವೂ ಈಗಷ್ಟೇ ದೋಣಿಯಿಂದ ಇಳಿದವು. ಬಂಗಡೆಯ ಕಣ್ಣು ಕೆಂಪಾಗಿದ್ದರೆ, "ಪಾಪ, ನಿದ್ದೆ ಇಲ್ಲ ಅದ್ಕೆ" ಎನ್ನುತ್ತಿದ್ದಳು. ಮುಖದಲ್ಲಿ ನಗುವಿನ ಸುಳಿವೂ ಇರುತ್ತಿರಲಿಲ್ಲ.

ಬಸ್ಸಿನಲ್ಲಿ ಅಂಕೋಲೆಗೆ ಬಂದು ಅವಳು ಮೊದಲು ಬುಟ್ಟಿ ಇಳಿಸುತ್ತಿದ್ದದ್ದು ನಮ್ಮ ಮನೆಯಲ್ಲಿ. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದ ಟೀಚರಮ್ಮ, ಅಂದರೆ ನನ್ನ ಅಮ್ಮ, ಅಡುಗೆಮನೆಯಿಂದಲೇ "ಮೂಸಿ ನೋಡಿ ತಗೊಳ್ಳೇ" ಎಂದು ಕೂಗುತ್ತಿದ್ದಳು. ಒಂಬತ್ತು ವರ್ಷದ ನಾನು ಬಾಯಿ ಬಿಟ್ಟುಕೊಂಡೇ ಬಗ್ಗಿ ಮೂಸಿ, "ಚೊಲೋ ಅದೆ" ಎನ್ನುತ್ತಿದ್ದೆ. ನನ್ನ ಬಾಯಿ ಯಾವಾಗಲೂ ತೆರೆದೇ ಇರುತ್ತಿತ್ತು. ನನ್ನ ಗೊರಕೆಗೆ ಅಪ್ಪ ಜಗಲಿಯಲ್ಲಿ ಮಲಗುತ್ತಿದ್ದರು. ಕರೆದರೆ ಓಗೊಡುವುದಿಲ್ಲವೆಂದು ಶಾಲೆಯಲ್ಲಿ ಮೊಂಡಿ ಎಂಬ ಹೆಸರು ಬಂದಿತ್ತು. ಶೀತ ಪ್ರಕೃತಿಯೆಂದು ಮನೆಯವರೆಲ್ಲ ಒಪ್ಪಿಕೊಂಡಿದ್ದರು.

ಒಂದು ಬೆಳಿಗ್ಗೆ ಪಾರ್ವತಕ್ಕ ವ್ಯಾಪಾರ ಬಿಟ್ಟು ಅಮ್ಮನನ್ನು ಹೊರಗೆ ಕರೆದಳು.

"ಬಾಯೋರೇ, ಈ ಹುಡ್ಗಿಗೆ ವಾಸ್ನೆ ಬರೂದಿಲ್ಲ. ಕಿವಿನೂ ಮಂದ. ಕಾರವಾರಕ್ಕೆ ಕರ್ಕಂಡ್ ಹೋಗಿ ತೋರ್ಸಿ."

"ನಿಂಗೆ ಹೆಂಗೆ ಗೊತ್ತಾಯ್ತು?"

ಪಾರ್ವತಕ್ಕ ಬುಟ್ಟಿಯ ಮೇಲಿನ ಎಲೆ ಸರಿಪಡಿಸಿದಳು. "ಮಳೆಗಾಲ ಮುಗ್ದಾಗಿಂದ ನಿಮ್ಗೆ ನಿನ್ನೆ ಮೀನೇ ಕೊಡ್ತಿದ್ದೆ. ಒಂದಿನಾನೂ ಹೇಳ್ಲಿಲ್ಲ ಈ ಹುಡ್ಗಿ. ನಿನ್ನೆ ಬಂದಾಗ ಮೂರು ದಿನದ ಹಳೇದು ಕೊಟ್ಟೆ. ಅದ್ಕೂ ಚೊಲೋ ಅದೆ ಅಂತು. ಹೆದ್ರಿಕೆ ಆಯ್ತು ನಂಗೆ."

ಸಾರು ಯಾಕೋ ಹದಕ್ಕೆ ಬರುತ್ತಿಲ್ಲವೆಂದು ಅಷ್ಟು ದಿನವೂ ಹುಳಿ ಹೆಚ್ಚಿಸುತ್ತ ಬಂದಿದ್ದ ಅಮ್ಮ ಅವಳನ್ನು ಬಾಯಿಗೆ ಬಂದಂತೆ ಬೈದಳು. ಬೈದು ಮುಗಿಸಿ ರಜೆ ಚೀಟಿ ಬರೆದಳು.

ಕಾರವಾರದ ಡಾಕ್ಟರು ಎಕ್ಸ್‌ರೇ ನೋಡಿದರು. ಮೂಗಿನ ಹಿಂದೆ ಅಡಿನಾಯ್ಡ್ ಎಂಬುದು ಊದಿ ಉಸಿರಿನ ದಾರಿ ಮುಚ್ಚಿದೆ, ಕಿವಿಯೊಳಗೂ ನೀರು ನಿಂತಿದೆ, ಹೀಗೇ ಬಿಟ್ಟರೆ ಕೇಳಿಸುವುದು ಇನ್ನೂ ಕಡಿಮೆಯಾಗಬಹುದು ಎಂದರು. ಅರಿವಳಿಕೆ ಕೊಟ್ಟು, ಸದಾ ತೆರೆದಿದ್ದ ಆ ಬಾಯಿಯ ಮೂಲಕವೇ ಅದನ್ನು ತೆಗೆದರು.

ಕೆಲವು ವಾರಗಳ ನಂತರ ಪಾರ್ವತಕ್ಕ ಎಂದಿನಂತೆ ಬುಟ್ಟಿ ಇಳಿಸಿ ಬಂಗಡೆಯೊಂದನ್ನು ಮುಂದೆ ಹಿಡಿದಳು. ನಾನು ಮೂಸಿದ್ದೇ ಮುಖ ತಿರುಗಿಸಿದೆ. "ಶೀ! ಇದು ಇವತ್ತಿಂದಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬುಟ್ಟಿಯ ತಳದಿಂದ ಬೇರೆ ಮೀನು ತೆಗೆದಳು.

ಅವಳನ್ನು ಕೊನೆಯ ಸಲ ಕಂಡದ್ದು ನಾನು ಕಾಲೇಜಿಗೆ ಹೋಗುವಾಗ, ಅಂಕೋಲೆಯ ಮೀನುಪೇಟೆಯಲ್ಲಿ. ಮನೆ ಮನೆ ಸುತ್ತಲು ಅವಳ ಕಾಲು ಈಗ ಬಿಡುತ್ತಿರಲಿಲ್ಲ. ಮಧ್ಯಾಹ್ನವಾದರೂ ಬುಟ್ಟಿ ತುಂಬಿಯೇ ಇತ್ತು. ಬಗ್ಗಿ ಮೂಸಿದೆ, ನಿನ್ನೆಯದು.

"ಚೊಲೋ ಅದೆ ಪಾರ್ವತಕ್ಕ. ಎಲ್ಲಾ ಕೊಡು."

ಅವಳು ಗಾಬರಿಯಿಂದ ನನ್ನ ಗಲ್ಲ ಹಿಡಿದು ಮುಖವೆತ್ತಿದಳು.

"ಬಾಯಿ ಮುಚ್ಚೇ ತಂಗಿ. ಮೂಗಲ್ಲಿ ಉಸ್ರು ತಗೋ, ನೋಡ್ವಾ."