ಎರಡು ಡಬ್ಬಿ, ಒಬ್ಬಳದೇ ಸ್ಯಾಂಪಲ್

೧೯೮೩ರಲ್ಲಿ ನಾನು ಯಶವಂತಪುರದ ಕಾರ್ಮಿಕರ ಚಿಕಿತ್ಸಾಲಯವೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ರಕ್ತ, ಮೂತ್ರ, ಮಲ ಮೂರನ್ನೂ ಪರೀಕ್ಷಿಸುವುದು ನನ್ನ ಕೆಲಸ. ಮನೆಯಲ್ಲಿ ಮಾತ್ರ ಮೂರನೆಯದರ ಸುದ್ದಿ ಎತ್ತುವಂತಿರಲಿಲ್ಲ. ಗಂಡಿನ ಕಡೆಯವರು ನೋಡಲು ಬಂದಾಗ ಅಮ್ಮ, "ಆಸ್ಪತ್ರೆ ಆಫೀಸಲ್ಲಿದ್ದಾಳೆ" ಎಂದುಬಿಡುತ್ತಿದ್ದರು. ನಾನೂ ತಲೆ ತಗ್ಗಿಸಿ ಕೂತಿರುತ್ತಿದ್ದೆ.

ಆ ವರ್ಷ ಹತ್ತಿರದ ಗ್ಯಾಸ್ಕೆಟ್ ಕಾರ್ಖಾನೆಯ ಹೆಂಗಸರನ್ನು ಪರೀಕ್ಷೆಗೆ ಕರೆಸಿದೆವು. ಯಂತ್ರದ ಭಾಗಗಳ ನಡುವೆ ಎಣ್ಣೆ, ಹಬೆ ಸೋರದಂತೆ ಇಡುವ ಬಿಲ್ಲೆಗಳನ್ನು ಅವರು ಆಸ್ಬೆಸ್ಟಾಸ್ ಹಾಳೆಯಿಂದ ಕತ್ತರಿಸುತ್ತಿದ್ದರು. ಕೂದಲ ಮೇಲೆ, ರೆಪ್ಪೆಯ ಮೇಲೆ ಬಿಳಿ ದೂಳು. ಮಧ್ಯಾಹ್ನ ಅದೇ ಮೇಜಿನ ಮೇಲೆ ಊಟ. ಈ ದೂಳು ಶ್ವಾಸಕೋಶಕ್ಕಷ್ಟೇ ಅಲ್ಲ, ಕಫದ ಜೊತೆ, ಅನ್ನದ ಜೊತೆ ಹೊಟ್ಟೆಗೂ ಇಳಿಯುತ್ತದೆ, ಜಠರ ಮತ್ತು ಕರುಳಿನ ಕ್ಯಾನ್ಸರ್‌ಗೂ ಇದಕ್ಕೂ ನಂಟಿರುವ ಅನುಮಾನವಿದೆ ಎನ್ನುತ್ತಿದ್ದರು ನಮ್ಮ ಡಾಕ್ಟರು. ಮಾಲೀಕರು ನಕ್ಕರಂತೆ. "ಲೇಡೀಸ್‌ಗೆ ಏನೂ ಆಗಲ್ಲ ಸಾರ್. ಬೀಡಿ ಸೇದ್ತಾರಾ, ಕುಡೀತಾರಾ?"

ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಟೆಸ್ಟ್‌ಗಾಗಿ ಎಲ್ಲರಿಗೂ ಪುಟ್ಟ ಡಬ್ಬಿ ಕೊಟ್ಟೆ. ಎಷ್ಟೋ ಜನ ತರಲೇ ಇಲ್ಲ. ತಂದವರು ಸೆರಗಿನಡಿ ಮುಚ್ಚಿಕೊಂಡು ಬಂದು, ಮೇಜಿನ ಮೇಲಿಟ್ಟು, ಮುಖ ತಿರುಗಿಸಿ ಓಡಿದರು.

ಕೋಗಿಲು ಹಳ್ಳಿಯ ಮುನಿಯಮ್ಮ, ಆರ್.ಟಿ. ನಗರದ ಶಕೀಲಾ ಒಂದೇ ಮೇಜಿನಲ್ಲಿ ಕತ್ತರಿಸುವ ಗೆಳತಿಯರು. ಇಬ್ಬರ ಡಬ್ಬಿಯಲ್ಲೂ ರಕ್ತದ ಸುಳಿವಿರಲಿಲ್ಲ. ಆದರೆ ಮುನಿಯಮ್ಮನ ಹಿಮೋಗ್ಲೋಬಿನ್ ಆರು ಗ್ರಾಂ. ಹೆಂಗಸರಿಗೆ ಹನ್ನೆರಡಾದರೂ ಇರಬೇಕು. ಈಕೆಯ ರಕ್ತ ಎಲ್ಲಿಗೆ ಹೋಗುತ್ತಿದೆ? ಅನುಮಾನ ಬಂದು ಎರಡೂ ಸ್ಯಾಂಪಲ್‌ಗಳನ್ನು ಮತ್ತೆ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಎರಡರಲ್ಲೂ ಅದೇ ಜಂತುಹುಳದ ಮೊಟ್ಟೆ, ಅದೇ ಟೊಮೆಟೊ ಸಿಪ್ಪೆಯ ಚೂರು.

ಶಕೀಲಾಳನ್ನು ಒಬ್ಬಳನ್ನೇ ಕರೆದು ಕೇಳಿದೆ. ಆಕೆ ಅತ್ತುಬಿಟ್ಟಳು. "ಎರಡರಲ್ಲೂ ನಂದೇ ಅಕ್ಕಾ. ಅವ್ಳು ಕಾಲು ಹಿಡ್ಕೊಂಡ್ಳು. ಅವ್ಳಿಗೆ ರಕ್ತ ಹೋಗುತ್ತೆ, ನಾ ಹೇಳ್ದೆ ಅನ್ಬೇಡಿ."

ಮರುದಿನ ಮುನಿಯಮ್ಮ ಬಂದು ಬೆಂಚಿನ ತುದಿಯಲ್ಲಿ ಕೂತರು. ಏನು ಕೇಳಿದರೂ ನೆಲ ನೋಡುತ್ತಿದ್ದರು. ಕೊನೆಗೆ, ಗಂಡಿನ ಕಡೆಯವರ ಮುಂದೆ ಅಮ್ಮ ನನ್ನ ಕೆಲಸವನ್ನು ಮುಚ್ಚಿಡುವುದನ್ನು ಹೇಳಿದೆ. ಅವರು ತಲೆಯೆತ್ತಿದರು.

"ನಿಂಗೂ ನಾಚ್ಕೆನೇನವ್ವ?"

"ದಿನಾ."

"ಒಂದ್ ವರ್ಸದಿಂದ ಇಂಗೇ. ಕೂತಾಗೆಲ್ಲ ರಕ್ತ. ಗಂಡಸ್ರು ಡಾಕ್ಟ್ರ ತಾವ ಏನಂತ ಏಳ್ಲಿ? ಮಗ, ಸೊಸೆ ಮುಂದೆ ಏನಂತ ಏಳ್ಲಿ?"

ದೊಡ್ಡಾಸ್ಪತ್ರೆಯಲ್ಲಿ ಗುದನಾಳದ ಕ್ಯಾನ್ಸರ್ ಎಂದರು. ಆಪರೇಷನ್ ಮಾಡಿ, ಮಲ ಹೊರಬರಲು ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಕಟ್ಟಿದರು. ಮನೆಗೆ ಮರಳಿದ ಮೇಲೆ ನೋಡಲು ಹೋದರೆ, ವಾಸನೆ ಮನೆಯವರಿಗೆ ಬಡಿಯದಿರಲೆಂದು ಆಕೆ ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಮಲಗಿದ್ದರು. ನನ್ನನ್ನು ಕಂಡೊಡನೆ ಕಂಬಳಿ ಕುತ್ತಿಗೆಯವರೆಗೆ ಎಳೆದುಕೊಂಡರು. ರೋಗ ಆಗಲೇ ಯಕೃತ್ತಿಗೆ ಹಬ್ಬಿತ್ತು. ಆ ಚಳಿಗಾಲ ಮುಗಿಯುವ ಮೊದಲೇ ತೀರಿಕೊಂಡರು.

ದೂಳಿನಿಂದಲೇ ಬಂತೇ ಎಂದು ಡಾಕ್ಟರನ್ನು ಕೇಳಿದೆ. "ಒಬ್ಬರ ವಿಷಯದಲ್ಲಿ ಹಾಗೆ ಹೇಳೋಕಾಗಲ್ಲ ಕಣಮ್ಮ. ಆದ್ರೆ ದೂಳು ತಿನ್ನಿಸಬಾರ್ದು ಅನ್ನೋಕೆ ಅಷ್ಟು ಖಚಿತ ಬೇಕಾ?" ಎಂದರು. ಅವರು ಪಟ್ಟು ಹಿಡಿದ ಮೇಲೆ ಊಟಕ್ಕೊಂದು ಬೇರೆ ಶೆಡ್ ಬಂತು. ದೂಳು ಹಾಗೇ ಉಳಿಯಿತು.

ತಿಂಗಳ ಬಳಿಕ ಮುನಿಯಮ್ಮನ ಮಗ ಬಂದ. "ಯಾರಾದ್ರೂ ಕೇಳಿದ್ರೆ ಒಟ್ಟೆನೋವು ಅಂದ್ಬುಡಿ ಮೇಡಂ. ತಂಗಿ ಮದುವೆ ಆಗ್ಬೇಕು." ರೋಗಿಯ ಗುಟ್ಟು ನನ್ನದಲ್ಲ, ಒಪ್ಪಿದೆ. ಕಾರ್ಖಾನೆಯ ಹೆಂಗಸರೂ ಹೊಟ್ಟೆನೋವೆಂದೇ ನಂಬಿದರು. ಎರಡನೇ ಸುತ್ತಿನ ಪರೀಕ್ಷೆಗೆ ಅವರಲ್ಲಿ ಯಾರೂ ಬರಲಿಲ್ಲ.

ಶಕೀಲಾ ಒಬ್ಬಳು ಬಂದಳು. ಗಂಡಸರ ಸಾಲಿನ ಪಕ್ಕದಲ್ಲೇ, ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು, ಮುಖ ಕೆಂಪಾಗಿ.

"ತಗೊಳ್ಳಿ ಅಕ್ಕಾ. ಇದು ನಂದು ಮಾತ್ರ."

ಅಲ್ಲಿಂದ ನಿವೃತ್ತಿಯವರೆಗೂ ಪ್ರತಿ ಹೆಂಗಸನ್ನೂ ನೇರವಾಗಿ ಕೇಳಿದೆ: ಮಲದಲ್ಲಿ ರಕ್ತ ಹೋಗುತ್ತಾ? ಕೇಳುವಾಗ ಕಿವಿ ಬಿಸಿಯಾಗುವುದು ಕೊನೆಗೂ ನಿಲ್ಲಲಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ನಾಚಿಕೆ ಹೋಗಲೆಂದು ಕಾಯಬಾರದು, ನಾಚಿಕೊಂಡೇ ಕೇಳಬೇಕು.